ಇಂಗಾಲ ಸಂಗ್ರಹ: ಬೆಂಗಳೂರು ಹೊರವಲಯದ ಕೆರೆ, ಹೊಲ, ಮರಗಳು

ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಮತ್ತು ಪೀಣ್ಯ ಪ್ರದೇಶಗಳ ಕೆರೆಯಂಗಳ, ಹೊಲದ ಮಣ್ಣು ಹಾಗೂ ಮರಗಳಲ್ಲಿ ಇಂಗಾಲ ಉಳಿಯುವುದಕ್ಕೆ ಸಂಬಂಧಿಸಿ ಸರ್ಕಾರಕ್ಕೆ ಸಂದಿರುವ ಸಲಹೆಗಳು ಹೆಚ್ಚಾಗಿ ಕೆರೆ ಸಂರಕ್ಷಣೆಯ ರೂಪದಲ್ಲಿಯೇ ಬಂದಿವೆ. ಇಂಗಾಲದ ಲೆಕ್ಕ ಅವುಗಳೊಂದಿಗೆ ಸೇರಿದ್ದು ಈಚೆಗೆ.

ತತ್ತ್ವ

ಗಿಡಮರಗಳು ಗಾಳಿಯಿಂದ ಹೀರಿದ ಇಂಗಾಲ ಕಾಂಡ, ಬೇರು, ಮಣ್ಣುಗಳಲ್ಲಿ ಶೇಖರವಾಗುತ್ತದೆ. ಒಂದು ಟನ್ ಇಂಗಾಲ ಸುಮಾರು 3.67 ಟನ್ ಇಂಗಾಲದ ಡೈಆಕ್ಸೈಡ್‌ಗೆ ಸಮ. ನೀರಿನಡಿಯ ಕೆಸರಿನಲ್ಲಿ ಆಮ್ಲಜನಕ ಕಡಿಮೆ ಇರುವುದರಿಂದ ಕೊಳೆಯುವಿಕೆ ನಿಧಾನವಾಗಿ, ಇಂಗಾಲ ದೀರ್ಘಕಾಲ ಉಳಿಯಬಲ್ಲದು. ಆದರೆ ಅದೇ ಸ್ಥಿತಿಯಲ್ಲಿ ಮೀಥೇನ್ ಕೂಡ ಹುಟ್ಟುತ್ತದೆ. ನೂರು ವರ್ಷಗಳ ಅವಧಿಯಲ್ಲಿ ಅದರ ತಾಪಕಾರಕ ಶಕ್ತಿ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 28 ಪಟ್ಟು.

ಕೆರೆಗಳು ಮತ್ತು ಸಮಿತಿಗಳು

ಕೋರಮಂಗಲ–ಚಲ್ಲಘಟ್ಟ ಕಣಿವೆಯ ನೀರು ಬೆಳ್ಳಂದೂರು ಕೆರೆಗೆ ಬಂದು, ಕೋಡಿ ಹರಿದು ವರ್ತೂರು ಕೆರೆಯನ್ನು ಸೇರಿ, ಮುಂದೆ ದಕ್ಷಿಣ ಪಿನಾಕಿನಿಗೆ ಹೋಗುತ್ತದೆ. ಸುಮಾರು 900 ಎಕರೆಯ ಬೆಳ್ಳಂದೂರು ನಗರದ ಅತಿ ದೊಡ್ಡ ಕೆರೆ.

1985ರಲ್ಲಿ ಎನ್. ಲಕ್ಷ್ಮಣರಾವ್ ಅಧ್ಯಕ್ಷತೆಯಲ್ಲಿ ಸರ್ಕಾರ ರಚಿಸಿದ ಸಮಿತಿಯು ಕೆರೆಗಳನ್ನು ಒಡೆಯಬಾರದು, ಒತ್ತುವರಿ ತೆರವಾಗಬೇಕು, ಕೊಳಚೆ ನೀರನ್ನು ಬೇರೆಡೆಗೆ ತಿರುಗಿಸಬೇಕು, ದಡದಲ್ಲಿ ಮರ ಬೆಳೆಸಬೇಕು ಎಂದು ಶಿಫಾರಸು ಮಾಡಿತು. ಇಂಗಾಲ ಆ ಸಮಿತಿಯ ವಿಷಯವಾಗಿರಲಿಲ್ಲ. ಆದರೂ ಕೆರೆಯಂಗಳದ ಇಂಗಾಲವನ್ನು ಕಾಯಲು ಇಂದು ಹೇಳಬೇಕಾದ ಮುಖ್ಯ ಮಾತುಗಳು ಅದರಲ್ಲಿಯೇ ಇವೆ. 2011ರಲ್ಲಿ ನ್ಯಾಯಮೂರ್ತಿ ಎನ್.ಕೆ. ಪಾಟೀಲ್ ಸಮಿತಿಯೂ ಕೆರೆ ಮತ್ತು ರಾಜಕಾಲುವೆಗಳ ರಕ್ಷಣೆಯನ್ನು ಒತ್ತಿ ಹೇಳಿತು.

2016ರ ಮೇ ತಿಂಗಳಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕೆರೆಗಳ ಸುತ್ತ 75 ಮೀಟರ್ ಮೀಸಲು ವಲಯ ವಿಧಿಸಿತು. 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದುಪಡಿಸಿತು. ನಡುವೆ, 2017ರ ಫೆಬ್ರುವರಿ ಮತ್ತು 2018ರ ಜನವರಿಯಲ್ಲಿ ಬೆಳ್ಳಂದೂರು ಕೆರೆಯಲ್ಲಿ ಬೆಂಕಿ ಕಾಣಿಸಿಕೊಂಡಿತು. 2018ರ ಡಿಸೆಂಬರ್‌ನಲ್ಲಿ ನ್ಯಾಯಮಂಡಳಿ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆ ನೇತೃತ್ವದಲ್ಲಿ ಬೆಳ್ಳಂದೂರು ಮತ್ತು ವರ್ತೂರು ಕೆರೆಗಳಿಗಾಗಿ ಉಸ್ತುವಾರಿ ಸಮಿತಿ ನೇಮಿಸಿತು. ಈ ಕೆರೆಗಳನ್ನು ದೀರ್ಘಕಾಲ ಅಧ್ಯಯನ ಮಾಡಿದ ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಅದರ ಸದಸ್ಯರಾಗಿದ್ದರು.

ಹೂಳು ಮತ್ತು ಗೋಡು

ಬೇಸಿಗೆಯಲ್ಲಿ ಕೆರೆ ಬತ್ತಿದಾಗ ರೈತರು ಗೋಡನ್ನು, ಅಂದರೆ ಕೆರೆಯ ತಳದ ಮಣ್ಣನ್ನು, ಗಾಡಿಯಲ್ಲಿ ಹೊಲಕ್ಕೆ ಹೊಡೆಯುವುದು ಈ ಸೀಮೆಯ ಹಳೆಯ ವಾಡಿಕೆ. ಹೀಗೆ ಕೆರೆಯ ಇಂಗಾಲ ಹೊಲದ ಮಣ್ಣಿಗೆ ಸೇರುತ್ತಿತ್ತು. ಕೊಳಚೆ ತುಂಬಿದ ಕೆರೆಯಲ್ಲಿ ಇದು ಕೆಡುತ್ತದೆ: ಪೋಷಕಾಂಶ ಹೆಚ್ಚಾಗಿ ಅಂತರಗಂಗೆ ಹಬ್ಬುತ್ತದೆ, ಅದು ಕೊಳೆತು ತಳ ಸೇರುತ್ತದೆ, ಮೀಥೇನ್ ಏಳುತ್ತದೆ. ಹೂಳು ಎತ್ತಿ ಬಯಲಿನಲ್ಲಿ ರಾಶಿ ಹಾಕಿದರೆ ಗಾಳಿ ತಾಗಿ ಅದರಲ್ಲಿನ ಇಂಗಾಲದ ಒಂದಂಶ ಮತ್ತೆ ವಾತಾವರಣಕ್ಕೆ ಸೇರುತ್ತದೆ. ಕೈಗಾರಿಕೆಗಳ ನೀರು ಹರಿದ ಕಡೆ, ಪೀಣ್ಯದ ಸುತ್ತ ವಿಶೇಷವಾಗಿ, ಭಾರಲೋಹಗಳ ಪರೀಕ್ಷೆಯಾಗದೆ ಗೋಡನ್ನು ಹೊಲಕ್ಕೆ ಹಾಕುವುದು ಸುರಕ್ಷಿತವಲ್ಲ. ಜಕ್ಕೂರು ಕೆರೆಯಲ್ಲಿ ಶುದ್ಧೀಕರಣ ಘಟಕದ ನೀರು ಜೊಂಡು ಬೆಳೆದ ಜೌಗಿನ ಮೂಲಕ ಸೋಸಿ ಕೆರೆಗೆ ಇಳಿಯುವ ವ್ಯವಸ್ಥೆ ಇದೆ. ಅನುಸರಿಸಬಹುದಾದ ಮಾದರಿ ಅದು.

ಹೊಲ

ಗಾಂಧಿ ಕೃಷಿ ವಿಜ್ಞಾನ ಕೇಂದ್ರದಲ್ಲಿ 1978ರಿಂದ ನಡೆದ ರಾಗಿಯ ದೀರ್ಘಾವಧಿ ಪ್ರಯೋಗಗಳು, ಕೆಂಪು ಮಣ್ಣಿನಲ್ಲಿ ಕೊಟ್ಟಿಗೆ ಗೊಬ್ಬರವನ್ನು ರಸಗೊಬ್ಬರದೊಂದಿಗೆ ಕೊಟ್ಟಾಗ ಇಳುವರಿಯೂ ಮಣ್ಣಿನ ಇಂಗಾಲವೂ ಉತ್ತಮಗೊಳ್ಳುವುದನ್ನು ತೋರಿಸಿವೆ. ಹೊಲ ಬಡಾವಣೆಯಾದರೆ ಈ ಸಾಧ್ಯತೆಯೇ ಇಲ್ಲವಾಗುತ್ತದೆ.

ಮರ

ಭಾರತೀಯ ವಿಜ್ಞಾನ ಸಂಸ್ಥೆಯ ಎನ್.ಎಚ್. ರವೀಂದ್ರನಾಥ್ ಸಹಲೇಖಕರಾಗಿ 2008ರಲ್ಲಿ ಪ್ರಕಟಿಸಿದ ಕೈಪಿಡಿ ಮರ, ಬೇರು, ತರಗು, ಮಣ್ಣುಗಳ ಇಂಗಾಲವನ್ನು ಬೇರೆಬೇರೆಯಾಗಿ ಅಳೆಯುವ ಕ್ರಮವನ್ನು ವಿವರಿಸುತ್ತದೆ. ನೆಟ್ಟ ಸಸಿಗಳ ಎಣಿಕೆ ಇಂಗಾಲದ ಅಳತೆಯಲ್ಲ.

ಮೌಲ್ಯಮಾಪನ

2023ರ ನವೆಂಬರ್‌ನಲ್ಲಿ ಅಂದಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ (ಬಿಬಿಎಂಪಿ) ನಗರದ ಹವಾಮಾನ ಕ್ರಿಯಾ ಯೋಜನೆಯನ್ನು ಬಿಡುಗಡೆ ಮಾಡಿತು. ಅದರ ಜಾರಿಯಲ್ಲಿ ಕೆರೆಗಳ ಇಂಗಾಲದ ಜೊತೆಗೆ ಮೀಥೇನನ್ನೂ ಅಳೆಯುವುದು ಅಗತ್ಯ. ಆದ್ಯತೆಯ ಕ್ರಮವೂ ಸ್ಪಷ್ಟ: ಮೊದಲು ಕೊಳಚೆ ತಡೆದು ಇರುವ ಕೆರೆಯಂಗಳವನ್ನು ಉಳಿಸುವುದು, ಬಳಿಕ ಹೊಲದ ಮಣ್ಣನ್ನು ಬಲಪಡಿಸುವುದು, ಸಸಿ ನೆಡುವುದು ಆಮೇಲೆ.