ಕೊರೆಹುಳುವೂ ನಮ್ಮ ಮರಮುಟ್ಟುಗಳೂ

ಕಾಫಿ ಸೀಮೆಯ ಚರಿತ್ರೆಯನ್ನು ಬರೆಯುವವರು ಬಾಬಾಬುಡನ್‌ಗಿರಿಯಿಂದ ಆರಂಭಿಸುವುದು ವಾಡಿಕೆ. ಆದರೆ ಈ ಸೀಮೆಯ ಇಂದಿನ ರೂಪಕ್ಕೆ ಒಂದು ಕ್ಷುದ್ರ ಹುಳುವೂ ಕಾರಣವೆಂಬುದನ್ನು ಮರೆಯಲಾಗದು. 1860ರ ದಶಕದಲ್ಲಿ ದಕ್ಷಿಣ ಭಾರತದ ಅನೇಕ ತೋಟಗಳು ಬಿಳಿ ಕಾಂಡಕೊರಕಕ್ಕೆ ಬಲಿಯಾದವು. ಇದನ್ನು ಪರಿಶೀಲಿಸಿದ ಮದರಾಸಿನ ಡಾ. ಜಾರ್ಜ್ ಬಿಡಿಯವರ ವರದಿ 1869ರಲ್ಲಿ ಅಚ್ಚಾಯಿತು. ಕಾಫಿಗೆ ನೆರಳು ಬೇಕೆಂಬುದು ಅವರ ಮುಖ್ಯ ಸಲಹೆ. ಬಿಸಿಲಿಗೆ ಕಾದ ಕಾಂಡದ ತೊಗಟೆಯ ಬಿರುಕಿನಲ್ಲಿ ಈ ದುಂಬಿ ಮೊಟ್ಟೆಯಿಡುತ್ತದೆ. ಮರಿಹುಳು ಒಳಗಿನ ಮರವನ್ನು ಕೊರೆಯುತ್ತದೆ. 1925ರಲ್ಲಿ ಬಾಳೆಹೊನ್ನೂರಿನಲ್ಲಿ ಸ್ಥಾಪಿತವಾದ ಸಂಶೋಧನಾ ಕೇಂದ್ರವೂ ಈ ಶತ್ರುವಿನೊಡನೆ ಹೋರಾಡುತ್ತಲೇ ಬಂದಿದೆ. ಹುಳು ಹಿಡಿದ ಗಿಡವನ್ನು ಕಿತ್ತು ಸುಡುವುದಕ್ಕೆ ಇಂದಿಗೂ ಪರ್ಯಾಯವಿಲ್ಲ.

ನೆರಳಿಗಾಗಿ ಬೆಳೆಸಿದ ಮರಗಳೇ ಮುಂದೆ ನಮ್ಮ ಮನೆಗಳಿಗೆ, ದೇವಾಲಯದ ಬೆಂಚುಗಳಿಗೆ ಹಲಗೆಯಾದವು. ಆದರೆ ಬೆಂಚಿನ ಕೆಳಗೆ ಹಿಟ್ಟಿನಂತೆ ಉದುರುವ ಪುಡಿಯನ್ನು ಕಂಡು ‘ಕಾಫಿ ಹುಳು ಒಳಗೆ ಬಂತು’ ಎಂದು ಭಾವಿಸುವುದು ಸರಿಯಲ್ಲ. ಕಾಂಡಕೊರಕಕ್ಕೆ ಬದುಕಿರುವ ಗಿಡ ಬೇಕು. ಹಲಗೆಯನ್ನು ಹಿಟ್ಟು ಮಾಡುವುದು ಬೇರೊಂದು ಪುಟ್ಟ ದುಂಬಿಯ ಮರಿ. ಅದು ಬಯಸುವುದು ಮರದ ಹೊರಗಿನ ಬಿಳಿ ಭಾಗದಲ್ಲಿರುವ ಪಿಷ್ಟವನ್ನು. ಒಳಗಿನ ಚೇಗಿನಲ್ಲಿ ಪಿಷ್ಟವಿಲ್ಲದ ಕಾರಣ ಅದರ ಆಟ ಅಲ್ಲಿ ನಡೆಯದು. ಹಳೆಯ ಬಡಗಿಗಳು ತೇಗ, ಹಲಸುಗಳ ಬಿಳಿ ಭಾಗವನ್ನು ಕೆತ್ತಿ ಎಸೆಯುತ್ತಿದ್ದುದು ದುಂದುಗಾರಿಕೆಯಿಂದಲ್ಲ! ಮಾವು ಮತ್ತು ಬಿದಿರಂತೂ ಈ ಹುಳುವಿಗೆ ಹಬ್ಬದೂಟ.

ಬಿದಿರನ್ನೂ ಮರದ ದಿಮ್ಮಿಗಳನ್ನೂ ವಾರಗಟ್ಟಲೆ ನೀರಿನಲ್ಲಿ ಮುಳುಗಿಸಿಡುತ್ತಿದ್ದ ಹಿರಿಯರ ಕ್ರಮದ ಮರ್ಮವೂ ಇದೇ: ನೆನೆದ ಮರದಲ್ಲಿ ಪಿಷ್ಟ ಕುಂದುತ್ತದೆ. ಅಮಾವಾಸ್ಯೆಯಲ್ಲಿ ಕಡಿದ ಮರಕ್ಕೆ ಹುಳು ಹತ್ತದೆಂಬ ಮಾತನ್ನು ಮಾತ್ರ ನಾನು ನೆಚ್ಚಲಾರೆ.

ಆಧುನಿಕ ಸಂಸ್ಕರಣೆಯಲ್ಲಿ ಭಾರತೀಯರೊಬ್ಬರ ಹೆಸರನ್ನು ಹೇಳಲೇಬೇಕು. ಡೆಹರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿದ್ದ ಸೋಂಟಿ ಕಾಮೇಶಂ 1933ರಲ್ಲಿ ತಾಮ್ರ, ಕ್ರೋಮಿಯಂ, ಆರ್ಸೆನಿಕ್‌ಗಳ ಮಿಶ್ರಣವನ್ನು ರೂಪಿಸಿದರು. ‘ಆಸ್ಕು’ ಎಂಬ ಹೆಸರಿನ ಈ ದ್ರಾವಣ ಲೋಕದಾದ್ಯಂತ ಕಂಬಗಳನ್ನೂ ಹಲಗೆಗಳನ್ನೂ ಕಾಪಾಡಿತು. ಆದರೆ ಆರ್ಸೆನಿಕ್ ವಿಷ. 2004ರ ವೇಳೆಗೆ ಅಮೆರಿಕ ಮತ್ತು ಯೂರೋಪಿನಲ್ಲಿ ಮನೆಬಳಕೆಯ ಮರಕ್ಕೆ ಅದರ ಉಪಯೋಗ ಬಹುಮಟ್ಟಿಗೆ ನಿಂತಿತು. ಅಂತಹ ಮರದಿಂದ ಮೊಣಕಾಲೂರುವ ಹಲಗೆಯನ್ನಾಗಲಿ ಮಕ್ಕಳ ತೊಟ್ಟಿಲನ್ನಾಗಲಿ ಮಾಡಬಾರದು. ಅದರ ತುಂಡುಗಳನ್ನು ಒಲೆಗೆ ಹಾಕಲೇಬಾರದು.

ಒಳಾಂಗಣದ ಪೀಠೋಪಕರಣಗಳಿಗೆ ಬೋರಾಕ್ಸ್ ಹಾಗೂ ಬೋರಿಕ್ ಆಮ್ಲದ ದ್ರಾವಣ ಸಾಕು. ಕೊಯ್ದ ಹಸಿ ಹಲಗೆಯನ್ನು ಅದರಲ್ಲಿ ಅದ್ದಿ, ಕೆಲವು ವಾರ ಮುಚ್ಚಿಟ್ಟು, ಮದ್ದು ಒಳಗಿಳಿದ ಮೇಲೆ ಒಣಗಿಸಬೇಕು. ಇದು ನೀರಿನಲ್ಲಿ ಕರಗುವಂಥದಾದ್ದರಿಂದ ಮಳೆಗೆ ನೆನೆಯುವ ಮರಕ್ಕೆ ಪ್ರಯೋಜನವಿಲ್ಲ. ಮತ್ತೊಂದು ಉಪಾಯ ಕಾವು. 2002ರಲ್ಲಿ ಅಂಗೀಕೃತವಾದ ಅಂತರರಾಷ್ಟ್ರೀಯ ನಿಯಮದಂತೆ, ಹಡಗಿನಲ್ಲಿ ಸಾಗುವ ಮರದ ಪೆಟ್ಟಿಗೆಗಳ ಹಲಗೆ ಒಳತಿರುಳಿನವರೆಗೆ 56 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ 30 ನಿಮಿಷ ಇರಬೇಕು. ಆದರೆ ಕಾವು ಇದ್ದ ಹುಳುವನ್ನು ಕೊಲ್ಲುವುದೇ ಹೊರತು ಮುಂದೆ ಬರುವುದನ್ನು ತಡೆಯದು.

ನಮ್ಮಲ್ಲಿ ಹಲವರು ರಂಧ್ರಗಳಿಗೆ ಸೀಮೆಎಣ್ಣೆ ಸುರಿದು ನಿಶ್ಚಿಂತರಾಗುತ್ತಾರೆ. ಅದು ಆಳದ ಮರಿಯನ್ನು ಮುಟ್ಟದು; ಬೆಂಕಿಯ ಭಯ ಬೇರೆ. ಮೊದಲು ಹುಳು ಇನ್ನೂ ಜೀವಂತವಾಗಿದೆಯೇ ಎಂದು ತಿಳಿಯಬೇಕು. ಪುಡಿಯನ್ನು ಗುಡಿಸಿ, ಹಳೆಯ ರಂಧ್ರಗಳನ್ನು ಮೇಣದಿಂದ ಮುಚ್ಚಿ, ಬೆಂಚಿನಡಿ ಕಪ್ಪು ಕಾಗದ ಹಾಸಿ ಕೆಲವು ತಿಂಗಳು ಗಮನಿಸಿರಿ. ಹೊಸ ರಂಧ್ರ, ಹೊಸ ಪುಡಿ ಕಂಡರೆ ವಾರ್ನಿಷನ್ನು ಕೆರೆದು ಬೋರಾಕ್ಸ್ ದ್ರಾವಣವನ್ನು ಮತ್ತೆ ಮತ್ತೆ ಬಳಿಯಬೇಕು. ಕಾಣದಿದ್ದರೆ ಬೆಂಚನ್ನು ಅದರ ಪಾಡಿಗೆ ಬಿಡಬಹುದು.