ಕರಿನೀರಿನ ನೆಲವನ್ನು ಕಣ್ಣಿನಿಂದ ಓದುವ ಬಗೆ

‘ಕರಿನೀರಿನ ಶಿಕ್ಷೆ’ ಎಂದರೆ ನಮ್ಮ ಹಿರಿಯರಿಗೆ ಸಾವಿಗಿಂತ ಮಿಗಿಲಾದ ಭಯ. ಕಡಲು ದಾಟಿಸಿ ಕಳಿಸಿದವನು ಮರಳಿ ಬರಲಾರನೆಂಬುದೇ ಆ ಮಾತಿನ ತಿರುಳು. 1857ರ ಸಂಗ್ರಾಮದಲ್ಲಿ ಸೆರೆಸಿಕ್ಕವರನ್ನು ಇಡಲೆಂದು ಬ್ರಿಟಿಷರು 1858ರಲ್ಲಿ ಅಂಡಮಾನಿನಲ್ಲಿ ಶಿಕ್ಷಾ ವಸಾಹತನ್ನು ತೆರೆದರು. ಆ ವರ್ಷದ ಮಾರ್ಚ್ 10ರಂದು ಸುಮಾರು 200 ಕೈದಿಗಳ ಮೊದಲ ತಂಡ ಅಲ್ಲಿ ಇಳಿಯಿತು. ಎರಡನೆಯ ಮಹಾಯುದ್ಧದ ಕಾಲದವರೆಗೂ ಆ ವಸಾಹತು ಉಳಿಯಿತು.

ಅಲ್ಲಿ ಸೆರೆಯಲ್ಲಿದ್ದ ಬಾರೀಂದ್ರಕುಮಾರ ಘೋಷ್, ಸಾವರ್ಕರ್ ಮುಂತಾದವರು ತಮ್ಮ ಅನುಭವಗಳನ್ನು ಬರೆದಿಟ್ಟಿದ್ದಾರೆ. ಆದರೆ ಅಕ್ಷರ ಬಾರದ ಸಾವಿರಾರು ಸಾಮಾನ್ಯ ಕೈದಿಗಳ ಗತಿಯೇನು? ಅವರ ವಿಚಾರವಾಗಿ ಉಳಿದಿರುವುದು ಹೆಚ್ಚಾಗಿ ಸರ್ಕಾರಿ ದಫ್ತರಗಳು. ಅವನ್ನು ಬರೆದವರು ಸೆರೆಯಲ್ಲಿಟ್ಟವರೇ ಹೊರತು ಸೆರೆಯಲ್ಲಿದ್ದವರಲ್ಲ. ಹೀಗೆ ಕಾಗದ ಮೌನವಾದ ಕಡೆ ಕಟ್ಟಡ, ಚಿತ್ರ, ಛಾಯಾಚಿತ್ರ ಮತ್ತು ನಕ್ಷೆಗಳನ್ನು ಸಾಕ್ಷಿಯಾಗಿ ಕರೆಯುವ ವಿಧಾನವನ್ನು ಇತಿಹಾಸಕಾರರು ಬೆಳೆಸಿಕೊಂಡಿದ್ದಾರೆ.

ಮೊದಲು ಕಟ್ಟಡವನ್ನೇ ನೋಡೋಣ. ಪೋರ್ಟ್ ಬ್ಲೇರಿನ ಸೆಲ್ಯುಲರ್ ಜೈಲಿನ ಕೆಲಸ 1896ರಲ್ಲಿ ಆರಂಭವಾಗಿ 1906ರಲ್ಲಿ ಮುಗಿಯಿತು. ನಡುವೆ ಗೋಪುರ, ಅದರಿಂದ ಗಾಡಿಯ ಚಕ್ರದ ಅರಗಳಂತೆ ಹೊರಟ ಮೂರಂತಸ್ತಿನ ಏಳು ಸಾಲುಗಳು. ಇದರ ನಕ್ಷೆಯನ್ನು ಕಾಗದದ ಮೇಲೆ ಬರೆದು, ಒಂದೊಂದು ಕೋಣೆಯ ಬಾಗಿಲಿನಿಂದ ನೋಟದ ಗೆರೆ ಎಳೆದರೆ ಒಂದು ಸಂಗತಿ ಹೊಳೆಯುತ್ತದೆ. ಪ್ರತಿ ಸಾಲಿನ ಮುಖಕ್ಕೆ ಎದುರಾಗುವುದು ಪಕ್ಕದ ಸಾಲಿನ ಬೆನ್ನು. ಒಬ್ಬ ಕೈದಿ ಇನ್ನೊಬ್ಬನ ಮುಖ ಕಾಣುವಂತಿರಲಿಲ್ಲ. ಗೋಪುರದ ಕಾವಲುಗಾರನಿಗೆ ಮಾತ್ರ ಎಲ್ಲ ಸಾಲುಗಳ ಮೇಲೂ ಕಣ್ಣು. ಒಂಟಿತನವೇ ಶಿಕ್ಷೆ ಎಂಬುದನ್ನು ಹತ್ತು ಪುಟದ ವರದಿಗಿಂತ ಚೆನ್ನಾಗಿ ಈ ಗೆರೆಗಳು ತಿಳಿಸುತ್ತವೆ.

ಕೋಣೆಯ ಅಳತೆ ಸುಮಾರು 13.5 ಅಡಿ ಉದ್ದ, 7.5 ಅಡಿ ಅಗಲ. ನಮ್ಮ ಶಾಲೆಯ ಜಗುಲಿಯ ಮೇಲೆ ಸೀಮೆಸುಣ್ಣದಿಂದ ಇಷ್ಟು ಜಾಗ ಗುರುತಿಸಿ, ಅದರೊಳಗೆ ಒಂದು ಪೀರಿಯಡ್ ಮೌನವಾಗಿ ಕುಳಿತು ನೋಡಿ. ಪಾಠದಲ್ಲಿ ಬಾಯಿಪಾಠ ಮಾಡಿದ ಅಂಕಿ ಮೈಗೆ ತಾಗುತ್ತದೆ.

ಇನ್ನು ಛಾಯಾಚಿತ್ರ. ಕ್ಯಾಮರಾ ಸುಳ್ಳು ಹೇಳುವುದಿಲ್ಲ ಎಂದು ನಂಬುವವರುಂಟು. ಆದರೆ ಕ್ಯಾಮರಾ ಯಾರ ಕೈಯಲ್ಲಿತ್ತು ಎಂಬುದು ಮೊದಲ ಪ್ರಶ್ನೆಯಾಗಬೇಕು. ಅಂಡಮಾನಿನಲ್ಲಿ ಅಧಿಕಾರಿಯಾಗಿದ್ದ ಮಾರಿಸ್ ವಿಡಾಲ್ ಪೋರ್ಟ್‌ಮನ್ 1890ರ ದಶಕದಲ್ಲಿ ಬ್ರಿಟಿಷ್ ಮ್ಯೂಸಿಯಮ್ಮಿಗಾಗಿ ದ್ವೀಪದ ಮೂಲನಿವಾಸಿಗಳ ಚಿತ್ರಗಳನ್ನು ತೆಗೆದ. ಕೆಲವು ಚಿತ್ರಗಳಲ್ಲಿ ಅವರ ಹಿಂದೆ ಚದುರಂಗದ ಹಾಸಿನಂಥ ಕಪ್ಪು ಬಿಳುಪು ಚೌಕಗಳ ಪರದೆಯಿದೆ. ಅದು ಅಲಂಕಾರಕ್ಕಲ್ಲ, ದೇಹವನ್ನು ಅಳೆಯಲು. ಶಿಕ್ಷಾ ವಸಾಹತು ಎದ್ದದ್ದೇ ಆ ಜನರ ನೆಲದ ಮೇಲೆ. 1859ರಲ್ಲಿ ಅಬರ್ಡೀನ್ ಎಂಬಲ್ಲಿ ಅವರು ಬ್ರಿಟಿಷರ ವಿರುದ್ಧ ಕಾದಿದ್ದರು. ಆ ಹೋರಾಟ ಈ ಚಿತ್ರಗಳಲ್ಲಿ ಕಾಣುವುದಿಲ್ಲ; ಪರದೆಯ ಚೌಕಗಳು ಮಾತ್ರ ಕಾಣುತ್ತವೆ. ಚಿತ್ರದಲ್ಲಿ ಏನಿದೆ ಎಂಬುದರಷ್ಟೇ ಏನಿಲ್ಲ ಎಂಬುದನ್ನೂ ಕೇಳಬೇಕು.

ಕೈದಿಗಳೇ ಬರೆದ ಚಿತ್ರಗಳು ಬೇರೆ ದೇಶಗಳಲ್ಲಿ ದೊರೆತಿವೆ. ವಿಲಿಯಂ ಬ್ಯುಲೋ ಗೌಲ್ಡ್ ಎಂಬ ಇಂಗ್ಲೆಂಡಿನ ವರ್ಣಚಿತ್ರಕಾರ ಬಟ್ಟೆ ಕದ್ದ ಅಪರಾಧಕ್ಕಾಗಿ ಇಂದಿನ ಟಾಸ್ಮೇನಿಯಾಕ್ಕೆ ಗಡೀಪಾರಾದ. 1832ರ ಸುಮಾರಿಗೆ ಮ್ಯಾಕ್ವಾರಿ ಹಾರ್ಬರ್ ಎಂಬ ಕ್ರೂರ ಸೆರೆತಾಣದಲ್ಲಿದ್ದುಕೊಂಡು ಆತ ಮೀನುಗಳ ಚೆಲುವಾದ ಜಲವರ್ಣ ಚಿತ್ರಗಳನ್ನು ಬರೆದ. ಅವುಗಳಲ್ಲಿ ಬೇಡಿಯೂ ಇಲ್ಲ, ಚಾಟಿಯೂ ಇಲ್ಲ. ಹಾಗೆಂದು ಅವು ಇತಿಹಾಸಕ್ಕೆ ಬೇಡವಾದವಲ್ಲ. ಕೈದಿಯ ಕೈಚಳಕವನ್ನು ಅಧಿಕಾರಿಗಳು ಹೇಗೆ ಬಳಸಿಕೊಂಡರು ಎಂಬುದಕ್ಕೆ ಅವೇ ದಾಖಲೆ. ದಕ್ಷಿಣ ಅಮೆರಿಕದ ಫ್ರೆಂಚ್ ಗಯಾನಾದಲ್ಲಿ ಶಿಕ್ಷೆ ಅನುಭವಿಸಿದ ಫ್ರಾನ್ಸಿಸ್ ಲಗ್ರಾಂಜ್ ಇದಕ್ಕೆ ವಿರುದ್ಧ. ಆತ ಸೆರೆಮನೆಯ ದಿನಚರಿಯನ್ನೇ ಚಿತ್ರಿಸಿದ. ಆದರೆ ಆತ ಚಿತ್ರಗಳನ್ನು ಮಾರುತ್ತಿದ್ದವನು. ಕೊಳ್ಳುವವರು ಏನು ನೋಡಲು ಬಯಸುತ್ತಿದ್ದರು ಎಂಬುದನ್ನೂ ನಾವು ಲೆಕ್ಕಕ್ಕೆ ಹಿಡಿಯಬೇಕು.

ಅದೇ ಗಯಾನಾದ ಪಾಳು ಸೆರೆಮನೆಗಳ ಬಗ್ಗೆ ಲೇಖಕ ಪ್ಯಾಟ್ರಿಕ್ ಶಾಮೊಯ್ಸೋ ಮತ್ತು ಛಾಯಾಗ್ರಾಹಕ ರೊಡಾಲ್ಫ್ ಹಮ್ಮಾಡಿ 1994ರಲ್ಲಿ ಒಂದು ಪುಸ್ತಕ ತಂದರು. ಸ್ಮಾರಕ ಕಟ್ಟಿಸಿಕೊಳ್ಳದ ಜನರ ನೆನಪು ಪಾಚಿ ಹಿಡಿದ ಗೋಡೆ, ತುಕ್ಕು ತಿಂದ ಕಬ್ಬಿಣದಂಥ ಕುರುಹುಗಳಲ್ಲಿ ಉಳಿದಿರುತ್ತದೆ ಎಂಬುದು ಆ ಕೃತಿಯ ದೃಷ್ಟಿ.

ನಕ್ಷೆಯೂ ಇಂಥದೊಂದು ಕುರುಹೇ. ದಕ್ಷಿಣ ಅಂಡಮಾನಿನ ನಕ್ಷೆಯಲ್ಲಿ ಕ್ಯಾಲಿಕಟ್, ತಿರೂರ್, ಮಣ್ಣಾರ್ಘಾಟ್ ಎಂಬ ಹಳ್ಳಿಗಳಿವೆ. 1921ರ ಮಲಬಾರ್ ದಂಗೆಯ ನಂತರ ಅಲ್ಲಿಗೆ ಒಯ್ಯಲ್ಪಟ್ಟ ಮಾಪಿಳ್ಳೆ ಕೈದಿಗಳು ತಮ್ಮ ಊರಿನ ಹೆಸರುಗಳನ್ನು ಕಡಲಾಚೆಯ ಮಣ್ಣಿಗೆ ಇಟ್ಟರು. ಊರಿನ ಹಂಬಲವನ್ನು ಅವರು ಬರೆದಿಟ್ಟದ್ದು ಹೀಗೆ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಎಚ್ಚರಿಕೆಯ ಮಾತೂ ಅಗತ್ಯ. ಇಂದು ರಾಷ್ಟ್ರೀಯ ಸ್ಮಾರಕವಾಗಿರುವ ಸೆಲ್ಯುಲರ್ ಜೈಲಿನಲ್ಲಿ ನಡೆಯುವ ಧ್ವನಿ ಬೆಳಕಿನ ಪ್ರದರ್ಶನದಲ್ಲಿ ಅಂಗಳದ ಅರಳಿಮರವೇ ಕಥೆ ಹೇಳುತ್ತದೆ. ಕೇಳಿದವರ ಮನಸ್ಸು ಕರಗುತ್ತದೆ. ಆದರೆ ಕಲೆ ಕಲ್ಪಿಸಿದ್ದು ಯಾವುದು, ಸಾಕ್ಷಿ ತೋರಿಸಿದ್ದು ಯಾವುದು ಎಂದು ಬೇರ್ಪಡಿಸುವುದು ಸಂಶೋಧಕನ ಕರ್ತವ್ಯ. ಕಲೆ ನಮ್ಮಲ್ಲಿ ಪ್ರಶ್ನೆ ಹುಟ್ಟಿಸಲಿ. ಉತ್ತರವನ್ನು ಅಳತೆ, ದಫ್ತರ ಮತ್ತು ಕುರುಹುಗಳನ್ನು ಒಂದಕ್ಕೊಂದು ತಾಳೆ ನೋಡಿ ಪಡೆಯೋಣ.

ವಿದ್ಯಾರ್ಥಿ ಮಿತ್ರರೇ, ಈ ವಿದ್ಯೆ ಕಲಿಯಲು ಅಂಡಮಾನಿಗೇ ಹೋಗಬೇಕಾಗಿಲ್ಲ. ಈ ಸುವರ್ಣ ಮಹೋತ್ಸವಕ್ಕಾಗಿ ನಮ್ಮ ಶಾಲೆಯ ಹಳೆಯ ಗುಂಪುಚಿತ್ರಗಳನ್ನು ಹೊರತೆಗೆದಾಗ ಇವೇ ಪ್ರಶ್ನೆಗಳನ್ನು ಕೇಳಿ. ಕುರ್ಚಿಯ ಮೇಲೆ ಕುಳಿತವರು ಯಾರು, ನೆಲದ ಮೇಲೆ ಕುಳಿತವರು ಯಾರು? ಹೆಣ್ಣುಮಕ್ಕಳು ಎಷ್ಟು ಮಂದಿ? ಗಂಟೆ ಬಾರಿಸುತ್ತಿದ್ದ ಜವಾನರು ಚಿತ್ರದಲ್ಲಿ ಇದ್ದಾರೆಯೇ? ಬಲ್ಲ ಹಿರಿಯರು ನಮ್ಮೊಡನೆ ಇರುವಾಗಲೇ ವಿಚಾರಿಸಿ, ಪ್ರತಿ ಚಿತ್ರದ ಹಿಂಬದಿಯಲ್ಲಿ ಎಲ್ಲರ ಹೆಸರನ್ನೂ ಬರೆದಿಡಿ.