ಕ್ವಿಂಟಲ್: ಇಂಗ್ಲಿಷರು ಮರೆತ ಪದ ಬ್ಯಾಡಗಿ ಪ್ಯಾಟ್ಯಾಗ ಹೆಂಗ ಉಳೀತು?

ಇವತ್ತಿನ ಸಂಚಿಕೆ ಒಂದೇ ಒಂದು ಪದದ ಮೇಲೆ. ಕ್ವಿಂಟಲ್.

ನೀವು ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಕಡೆಯವರಾದ್ರೆ ಇದು ನಿಮಗೆ ಮನೆಮಾತು. "ಕ್ವಿಂಟಲ್‌ಗೆ ಎಷ್ಟು ಹೋತು?" ಅಂತ ಅಪ್ಪ ಫೋನಲ್ಲಿ ಕೇಳೋದು ಕಿವಿಗೆ ಬಿದ್ದೇ ಇರುತ್ತೆ. ಇದು ಇಂಗ್ಲಿಷ್ ಪದ ಅಂತ ನಾವೆಲ್ಲ ಅಂದುಕೊಂಡಿದ್ದೀವಿ. ಆದ್ರೆ ಲಂಡನ್ನಿನ ಬೀದಿಯಲ್ಲಿ ನಿಮ್ಮ ವಯಸ್ಸಿನ ಒಬ್ಬರನ್ನ ನಿಲ್ಲಿಸಿ ಕ್ವಿಂಟಲ್ ಅಂದ್ರೆ ಏನು ಅಂತ ಕೇಳಿದ್ರೆ, ಬಹುಶಃ ಸುಮ್ಮನೆ ಮುಖ ನೋಡ್ತಾರೆ. ಅಲ್ಲಿ ಅದು ದಿನಬಳಕೆಯಿಂದ ಯಾವಾಗಲೋ ಹೋಗಿಬಿಟ್ಟಿದೆ.

ಈ ಪದ ಇಂಗ್ಲೆಂಡ್‌ನಲ್ಲಿ ಹುಟ್ಟಿದ್ದೂ ಅಲ್ಲ. ಬೇರು ಲ್ಯಾಟಿನ್‌ನಲ್ಲಿದೆ. ಸೆಂಟಮ್ ಅಂದ್ರೆ ನೂರು. ನಮ್ಮ ಸೆಂಚುರಿ, ಸೆಂಟಿಮೀಟರ್ ಎಲ್ಲ ಅದರ ಮಕ್ಕಳು. ರೋಮನ್ನರ ನೂರು ಪೌಂಡಿನ ತೂಕಕ್ಕೆ ಇದ್ದ ಹೆಸರು ಗ್ರೀಕರ ಬಾಯಿಗೆ ಬಂತು, ಅಲ್ಲಿಂದ ಅರಬ್ಬರ ಹತ್ತಿರ ಹೋಗಿ ಕಿಂತಾರ್ ಆಯ್ತು. ಅರಬ್ಬರು ಆ ಕಾಲದ ದೊಡ್ಡ ವ್ಯಾಪಾರಿಗಳು. ಅವರ ಸರಕಿನ ಜತೆ ಅವರ ತೂಕದ ಹೆಸರೂ ಯುರೋಪಿಗೆ ವಾಪಸ್ ಹೋಯ್ತು. ಸ್ಪೇನ್, ಪೋರ್ಚುಗಲ್, ಫ್ರಾನ್ಸ್‌ನಲ್ಲಿ ಕ್ವಿಂಟಲ್ ಆಯ್ತು. 15ನೇ ಶತಮಾನದ ಹೊತ್ತಿಗೆ ಇಂಗ್ಲಿಷ್ ಬರವಣಿಗೆಯಲ್ಲೂ ಕಾಣಿಸಿಕೊಳ್ತು.

ಇಲ್ಲೊಂದು ಮಜಾ ಇದೆ. ಹಳೇ ಇಂಗ್ಲಿಷ್‌ನಲ್ಲಿ ಇದನ್ನ ಕ್ವಿಂಟಲ್ ಅಂತಷ್ಟೇ ಅಲ್ಲ, "ಕಿಂಟಲ್" ಅಂತಲೂ ಬರೀತಿದ್ರು. ಕೆನಡಾದ ನ್ಯೂಫೌಂಡ್‌ಲ್ಯಾಂಡ್‌ನಲ್ಲಿ ಒಣಮೀನು ತೂಗೋ ಮೀನುಗಾರರು ಕಿಂಟಲ್, ಕೆಂಟಲ್ ಅಂತಲೇ ಅನ್ನೋರು. ಹಾಗಾಗಿ ನಿಮ್ಮ ಅಜ್ಜ "ಹತ್ತು ಕಿಂಟಲ ಬಂತ್ ನೋಡಪಾ" ಅಂದ್ರೆ ದಯವಿಟ್ಟು ತಿದ್ದೋಕೆ ಹೋಗಬೇಡಿ. ಅವರ ಉಚ್ಚಾರಣೆ ನಿಮ್ಮ ಇಂಗ್ಲಿಷ್ ಮೇಷ್ಟ್ರದಕ್ಕಿಂತ ಹಳೇದು.

ಸರಿ, ಹೆಸರಿನಲ್ಲೇ ನೂರು ಇದೆ. ಆದ್ರೆ ಯಾರ ನೂರು? ಇಡೀ ಕಥೆ ಇರೋದು ಇಲ್ಲೇ. ನ್ಯೂಫೌಂಡ್‌ಲ್ಯಾಂಡಿನ ಮೀನಿನ ಕ್ವಿಂಟಲ್ 112 ಪೌಂಡ್. ಇಂಗ್ಲಿಷರದೇ "ಹಂಡ್ರೆಡ್‌ವೇಟ್" ಅನ್ನೋ ಇನ್ನೊಂದು ತೂಕವೂ 112 ಪೌಂಡ್. ಹೆಸರು ನೂರು, ತಕ್ಕಡಿಯಲ್ಲಿ ನೂರಾ ಹನ್ನೆರಡು. ಪೋರ್ಚುಗೀಸರಲ್ಲಂತೂ ಎರಡೆರಡು ಕ್ವಿಂಟಲ್ ಇದ್ವು. ಹಳೇದು ಸುಮಾರು 51 ಕಿಲೋ, ಹೊಸದು ಸುಮಾರು 59 ಕಿಲೋ. ಮಲಬಾರಿನ ಕಾಳುಮೆಣಸನ್ನ ಅವರು ಲೆಕ್ಕ ಹಾಕ್ತಿದ್ದದ್ದು ಹಳೇ ಕ್ವಿಂಟಲ್‌ನಲ್ಲಿ.

1498ರಲ್ಲಿ ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದಿದ್ದು ಶಾಲೆಯಲ್ಲಿ ಓದಿದ್ದೀರಿ. ಅಲ್ಲಿಂದ ಮುಂದೆ ಪೋರ್ಚುಗೀಸ್ ಹಡಗುಗಳು ಕ್ವಿಂಟಲ್ ಲೆಕ್ಕದಲ್ಲಿ ನಮ್ಮ ಮೆಣಸು ತುಂಬಿಕೊಂಡು ಹೋದ್ವು. ಅದೇ ಪೋರ್ಚುಗೀಸರ ವ್ಯಾಪಾರದ ದಾರಿಯಲ್ಲಿ ಅಮೆರಿಕ ಖಂಡದ ಒಂದು ಕೆಂಪು ಕಾಯಿ ನಮ್ಮ ಕಡೆ ಬಂತು. ನಾವು ಅದಕ್ಕೆ ಹೊಸ ಹೆಸರು ಹುಡುಕಲಿಲ್ಲ. ಖಾರ ಇದೆ ತಾನೆ, ಮೆಣಸಿನಕಾಯಿ ಅಂದುಬಿಟ್ವಿ. ಈಗ ಬ್ಯಾಡಗಿಯಲ್ಲಿ ಬರೀ ಮೆಣಸು ಅಂದ್ರೆ ಕಾಳುಮೆಣಸು ಯಾರ ತಲೆಗೂ ಬರೋದಿಲ್ಲ.

ಆದ್ರೂ ಕ್ವಿಂಟಲ್ ನಮ್ಮ ಊರಿನ ಮಾತಾಗಿದ್ದು ಆಗಲ್ಲ, ಬ್ರಿಟಿಷರ ಕಾಲದಲ್ಲೂ ಅಲ್ಲ. ಆಗ ಇಲ್ಲಿ ನಡೀತಿದ್ದದ್ದು ಸೇರು, ಮಣ. ಮಣದ ಕಥೆ ಕೇಳಿದ್ರೆ ತಲೆ ತಿರುಗುತ್ತೆ. ಮದ್ರಾಸಿನ ಮಣ 25 ಪೌಂಡ್, ಮುಂಬೈ ಮಣ 28 ಪೌಂಡ್, ರೈಲ್ವೆಯವರ ಮಣ 82 ಪೌಂಡಿಗೂ ಒಂಚೂರು ಹೆಚ್ಚು. ರಾಣೆಬೆನ್ನೂರು ಆಗ ಮುಂಬೈ ಪ್ರಾಂತ್ಯ, ತುಂಗಭದ್ರೆ ದಾಟಿದ್ರೆ ಹರಿಹರ, ಅದು ಮೈಸೂರು ಸಂಸ್ಥಾನ. ಮೈಸೂರಿನ ಮಣ ಇನ್ನೂ ಚಿಕ್ಕದು, 25 ಪೌಂಡಿಗೂ ಕಮ್ಮಿ. ಹೊಳೆ ದಾಟಿದ್ರೆ ಮಣವೇ ಬೇರೆ. ಓದು ಬಾರದ ರೈತನಿಗೆ ಇದು ತಮಾಷೆ ಅಲ್ಲ. ಯಾವ ಮಣ ಅಂತ ತೀರ್ಮಾನ ಮಾಡೋರು ತಕ್ಕಡಿ ಹಿಡಿದೋರು.

1956ರಲ್ಲಿ ಎರಡು ಕೆಲಸ ಆಯ್ತು. ಧಾರವಾಡ ಜಿಲ್ಲೆಯ ಜತೆ ಈ ಮೂರೂ ಊರುಗಳು ಏಕೀಕೃತ ರಾಜ್ಯಕ್ಕೆ ಸೇರಿದ್ವು. ಹಾವೇರಿ ಬೇರೆ ಜಿಲ್ಲೆ ಆಗಿದ್ದು 1997ರಲ್ಲಿ, ಅದು ಆಮೇಲಿನ ಮಾತು. ಎರಡನೇದು, ಸಂಸತ್ತು ತೂಕ ಮತ್ತು ಅಳತೆಗಳ ಮಾನಕ ಕಾಯ್ದೆ ಮಾಡಿತು. 1957ರ ಏಪ್ರಿಲ್ 1ರಂದು ಆಣೆ ಹೋಗಿ ನಯಾಪೈಸೆ ಬಂತು. 1958ರ ಅಕ್ಟೋಬರ್‌ನಿಂದ ಹಂತಹಂತವಾಗಿ ಸೇರು, ಮಣದ ಜಾಗಕ್ಕೆ ಕಿಲೋ, ಕ್ವಿಂಟಲ್ ಬಂದ್ವು. ಈ ಕ್ವಿಂಟಲ್ ಇಂಗ್ಲಿಷರ 112 ಪೌಂಡಿನದಲ್ಲ. ಫ್ರೆಂಚರ ಮೆಟ್ರಿಕ್ ಪದ್ಧತಿಯದು, ಸರಿಯಾಗಿ 100 ಕಿಲೋ. ಇಂಗ್ಲಿಷರು ಕೈಬಿಟ್ಟ ಪದವನ್ನ ಫ್ರೆಂಚ್ ಅರ್ಥ ಕೊಟ್ಟು ಸ್ವತಂತ್ರ ಭಾರತ ಇಟ್ಟುಕೊಳ್ತು ಅನ್ನಬಹುದು.

ಹತ್ತಿಯಲ್ಲಿ ಮಾತ್ರ ಉಲ್ಟಾ. ರೈತ ಹತ್ತಿ ಮಾರೋದು ಕ್ವಿಂಟಲ್‌ನಲ್ಲಿ, ಜಿನ್ನಿಂಗ್ ಆದ ಅರಳೆಯ ದರ ಇವತ್ತಿಗೂ ಖಂಡಿ ಲೆಕ್ಕ, ಸುಮಾರು 356 ಕಿಲೋಗೆ ಒಂದು ಖಂಡಿ. ಇಂಗ್ಲಿಷರು ನಮ್ಮಿಂದಲೇ ಖಂಡಿ ಪದ ತಗೊಂಡು "ಕ್ಯಾಂಡಿ" ಅಂತ ಬರಕೊಂಡ್ರು.

ಈಗ ಬ್ಯಾಡಗಿ ಮಾರುಕಟ್ಟೆಗೆ ಬನ್ನಿ. ಒಣಮೆಣಸಿನಕಾಯಿ ಹಗುರ. ಎಷ್ಟು ತುಳಿದು ತುಂಬಿದ್ರೂ ಒಂದು ಚೀಲ ಕ್ವಿಂಟಲ್ ಆಗೋದಿಲ್ಲ. ಅಂದ್ರೆ ಅಲ್ಲಿ ಕ್ವಿಂಟಲ್ ಕಣ್ಣಿಗೆ ಕಾಣೋ ವಸ್ತುವೇ ಅಲ್ಲ, ಅದು ದರದ ಹೆಸರು ಅಷ್ಟೇ. ಪ್ರತಿ ಲಾಟ್‌ಗೂ ಟೆಂಡರ್ ಬೀಳುತ್ತೆ, ದರ ಕ್ವಿಂಟಲ್ ಮೇಲೆ ಬರುತ್ತೆ. ಚೀಲದ ತೂಕ ಎಷ್ಟು ಕಳೆದ್ರು, ಕಾಯಿಯಲ್ಲಿ ತೇವ ಎಷ್ಟಿದೆ ಅನ್ನೋ ಜಗಳವೆಲ್ಲ ಆ ನೂರರ ಒಳಗೇ ನಡೆಯುತ್ತೆ. 2024ರ ಮಾರ್ಚ್ 11ರ ಸೋಮವಾರ ಏನಾಯ್ತು ಅಂತ ನಿಮ್ಮಲ್ಲಿ ತುಂಬ ಜನ ವಿಡಿಯೋದಲ್ಲಿ ನೋಡಿದ್ದೀರಿ. ದರ ಕ್ವಿಂಟಲ್‌ಗೆ ಸಾವಿರಾರು ರೂಪಾಯಿ ಬಿದ್ದಿದೆ ಅಂತ ಗೊತ್ತಾಗ್ತಿದ್ದಂಗೆ ರೈತರು ಎಪಿಎಂಸಿ ಕಚೇರಿಗೆ ನುಗ್ಗಿದ್ರು, ವಾಹನಗಳಿಗೆ ಬೆಂಕಿ ಬಿತ್ತು. ಬೆಂಕಿ ಹಚ್ಚಿದ್ದನ್ನ ನಾನು ಸಮರ್ಥಿಸಲ್ಲ. ಆದ್ರೆ ವರ್ಷದ ದುಡಿಮೆ ಪೂರ್ತಿ ಒಂದು ಪದದ ಮುಂದಿನ ಅಂಕಿಯ ಮೇಲೆ ನಿಂತಿರುತ್ತೆ ಅನ್ನೋದು ಆವತ್ತು ಗೊತ್ತಾಯ್ತು.

ಗೋವಿನಜೋಳದ್ದೂ ಇದೇ ಲೆಕ್ಕ. 2025-26ಕ್ಕೆ ಕೇಂದ್ರ ಪ್ರಕಟಿಸಿದ ಬೆಂಬಲ ಬೆಲೆ ಕ್ವಿಂಟಲ್‌ಗೆ 2,400 ರೂಪಾಯಿ. ಅದೇ ರೈತ ಗೊಬ್ಬರದ ಅಂಗಡಿಗೆ ಹೋದ್ರೆ ಅಲ್ಲಿ ಕ್ವಿಂಟಲ್ ಮಾತೇ ಇಲ್ಲ, ಚೀಲದ ಲೆಕ್ಕ. ಮೊದಲು ಎರಡು ಚೀಲ ಯೂರಿಯಾ ತಂದ್ರೆ ಒಂದು ಕ್ವಿಂಟಲ್ ಆಗ್ತಿತ್ತು. 2018ರಿಂದ ಯೂರಿಯಾ ಚೀಲ 50 ಕಿಲೋದಿಂದ 45ಕ್ಕೆ ಇಳಿದಿದೆ. ಎರಡು ಚೀಲಕ್ಕೆ ಈಗ 90 ಕಿಲೋ.

ಮುಂದಿನ ಸಂಚಿಕೆಗೆ ನಿಮ್ಮಿಂದ ಒಂದು ಸಹಾಯ ಬೇಕು. ಮನೆಯಲ್ಲಿ ಹಿರಿಯರಿದ್ರೆ, ಒಂದು ಮಣ ಅಂದ್ರೆ ಎಷ್ಟು ಅಂತ ಕೇಳಿ, ಅವರ ದನಿಯಲ್ಲೇ ವಾಯ್ಸ್ ನೋಟ್ ಕಳಿಸಿ. ಊರಿನ ಹೆಸರು ಹೇಳೋದು ಮರೀಬೇಡಿ, ಹೊಳೆಯ ಯಾವ ದಂಡೆ ಅನ್ನೋದನ್ನೂ.